ಶೋಫಾರ್ ಖರೀದಿ: ಹೊಳಪಿಗೆ ಕಾಸು ಕೊಡಬೇಡಿ, ಊದುಬಾಯಿ ನೋಡಿ ಕೊಳ್ಳಿ

ಯಹೂದಿಗಳ ಹೊಸ ವರ್ಷದ ಹಬ್ಬ ರೋಶ್ ಹಶಾನಾ ಹತ್ತಿರ ಬಂತೆಂದರೆ ಜೆರುಸಲೇಮಿನ ಮಹಾನೆ ಯೆಹುದಾ ಮಾರುಕಟ್ಟೆಯಲ್ಲಿ ಜೇನು, ಸೇಬು, ದಾಳಿಂಬೆ, ಹಸಿ ಖರ್ಜೂರದ ರಾಶಿ ಬೀಳುತ್ತದೆ. ಅವುಗಳಲ್ಲಿ ಯಾವುದು ತಪ್ಪಿದರೂ ಹಬ್ಬ ತಪ್ಪುವುದಿಲ್ಲ, ಅವೆಲ್ಲ ರೂಢಿಯಿಂದ ಬಂದವು. ಇಲ್ಲದಿದ್ದರೆ ಹಬ್ಬವೇ ಆಗದ ಸಾಮಾನು ಒಂದೇ, ಶೋಫಾರ್ ಎಂಬ ಊದುಗೊಂಬು. ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾ ಈ ದಿನವನ್ನು ಹೊಸ ವರ್ಷ ಎಂದು ಕರೆಯುವುದೇ ಇಲ್ಲ. ಅರಣ್ಯಕಾಂಡ 29:1ರಲ್ಲಿ ಇದರ ಹೆಸರು ‘ಯೋಮ್ ತೆರುವಾ’, ಕೊಂಬೂದುವ ದಿನ. ಏಳನೆಯ ತಿಂಗಳ ಮೊದಲ ದಿನ ವರ್ಷದ ತಲೆಯಾದದ್ದು ಆಮೇಲಿನ ಮಾತು.

ಅಂಗಡಿಗಳಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ: ಪೂರ್ತಿ ಹೊಳಪು ಕೊಟ್ಟ ಟಗರಿನ ಕೊಂಬು, ಅರ್ಧ ಹೊಳಪಿನ ಟಗರಿನ ಕೊಂಬು, ಯೆಮೆನ್ ಶೈಲಿಯ, ಕುಡು ಎಂಬ ಹುಲ್ಲೆಯ ಉದ್ದನೆಯ ಕೊಂಬು. ಜೊತೆಗೆ ಬೆಳ್ಳಿ ಹೊದಿಸಿದ್ದು, ಬಣ್ಣ ಬಳಿದದ್ದು, ಮಕ್ಕಳಿಗೆಂದು ಪ್ಲಾಸ್ಟಿಕ್ಕಿನದು. ಹಬ್ಬದ ದಿನ ಸಿನಗಾಗ್ ಎಂಬ ಪ್ರಾರ್ಥನಾಮಂದಿರದಲ್ಲೋ ಮನೆಯಲ್ಲೋ ನಿಜವಾಗಿ ಊದಲು ಬೇಕಿದ್ದರೆ ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಸುಮಾರು 35ರಿಂದ 40 ಸೆಂಟಿಮೀಟರಿನ, ಅರ್ಧ ಹೊಳಪಿನ, ವಾರ್ನಿಷ್ ಹಚ್ಚದ ಟಗರಿನ ಕೊಂಬು ಕೊಳ್ಳಿ. ನೋಡಲು ಅಷ್ಟು ಚೆಂದವಿಲ್ಲ, ಮಬ್ಬುಮಬ್ಬಾಗಿ ಒರಟಾಗಿರುತ್ತದೆ. ಆದರೆ ಅದರಲ್ಲಿ ಮುಚ್ಚಿಡಲು ಜಾಗ ಕಡಿಮೆ, ಶೋಫಾರ್ ವ್ಯಾಪಾರದಲ್ಲಿ ಮುಖ್ಯವಾದದ್ದು ಅದೇ.

ಕೊಂಬು ಎಂದರೆ ಏನು ಎಂಬಲ್ಲಿಂದ ಶುರುಮಾಡೋಣ. ಟಗರಿನ ಕೊಂಬಿಗೆ ಒಳಗೆ ಮೂಳೆಯ ತಿರುಳು, ಹೊರಗೆ ಕೆರಾಟಿನ್ ಚಿಪ್ಪು, ಅಂದರೆ ನಮ್ಮ ಉಗುರಿನದೇ ಪದಾರ್ಥ. ಒಣಗಿಸಿಯೋ ಬೇಯಿಸಿಯೋ ಮೂಳೆಯನ್ನು ಎಳೆದು ತೆಗೆದರೆ ಚಿಪ್ಪು ಟೊಳ್ಳಾಗಿ ಉಳಿಯುತ್ತದೆ. ಜಿಂಕೆಯ ಕವಲುಕೊಂಬು ಉದ್ದಕ್ಕೂ ಗಟ್ಟಿ ಮೂಳೆ, ಅದು ಲೆಕ್ಕಕ್ಕೇ ಬರುವುದಿಲ್ಲ. ಹಸುವಿನ ಕೊಂಬು ಟೊಳ್ಳಾದರೂ ಮಿಷ್ನಾ ಎಂಬ ಹಳೆಯ ಯಹೂದಿ ಕಾನೂನು ಸಂಗ್ರಹ ಅದನ್ನು ಹೊರಗಿಟ್ಟಿದೆ: ಧರ್ಮಗ್ರಂಥದಲ್ಲಿ ಅದಕ್ಕೆ ಇರುವ ಹೆಸರು ‘ಕೆರೆನ್’, ಶೋಫಾರ್ ಅಲ್ಲ. ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುಡ್ ಇನ್ನೊಂದು ಕಾರಣವನ್ನೂ ಸೇರಿಸುತ್ತದೆ. ಮರುಭೂಮಿಯಲ್ಲಿ ಚಿನ್ನದ ಕರು ಮಾಡಿ ಪೂಜಿಸಿದ ಪಾಪ ಆ ಜಾತಿಗೆ ಅಂಟಿಕೊಂಡಿದೆ, ಫಿರ್ಯಾದಿಯ ಕಡೆ ನಿಂತವನು ಆರೋಪಿಯ ಪರ ವಾದಿಸುವಂತಿಲ್ಲ. ಹೊಸ ವರ್ಷದ ದಿನವೇ ತೀರ್ಪಿನ ದಿನ ಎಂಬ ನಂಬಿಕೆ ಗೊತ್ತಿದ್ದರೆ ಈ ಕೋರ್ಟಿನ ಭಾಷೆ ವಿಚಿತ್ರ ಅನ್ನಿಸುವುದಿಲ್ಲ.

ಟಗರಿನದೇ ಆಗಬೇಕೆಂಬ ಆಗ್ರಹಕ್ಕೆ ಮೂಲ ಆದಿಕಾಂಡದ 22ನೇ ಅಧ್ಯಾಯ. ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಹೊರಟಾಗ ಪೊದೆಗೆ ಕೊಂಬು ಸಿಕ್ಕಿಕೊಂಡು ನಿಂತಿದ್ದ ಟಗರು ಅವನ ಬದಲಿಗೆ ಬಲಿಯಾಯಿತು. ಹಬ್ಬದ ಎರಡನೇ ದಿನ ಸಿನಗಾಗಿನಲ್ಲಿ ಓದುವುದೂ ಅದೇ ಅಧ್ಯಾಯವನ್ನು. ಕೊಂಬು ಬಾಗಿರಬೇಕು ಎನ್ನುವುದಕ್ಕೆ ತಾಲ್ಮುಡ್ ಕೊಡುವ ಕಾರಣ ಸರಳ: ಆ ದಿನ ಮನುಷ್ಯ ಮನಸ್ಸನ್ನು ಎಷ್ಟು ಬಗ್ಗಿಸಿದರೆ ಅಷ್ಟು ಒಳ್ಳೆಯದು. ಆದ್ದರಿಂದ ಅಂಗಡಿಯವರು ಪೂರ್ತಿ ನೆಟ್ಟಗೆ ಮಾಡಿದ ಕೊಂಬು ತೋರಿಸಿದರೆ, ಹಿಡಿಯಲು ಎಷ್ಟೇ ಸಲೀಸಾಗಿದ್ದರೂ, ಬೇಡವೆನ್ನಿ.

ಈಗ ಊದುಬಾಯಿಗೆ ಬನ್ನಿ. ಶೋಫಾರ್ ಕೆಡುವುದು ಬಹುಪಾಲು ಇಲ್ಲೇ. ಕೊಂಬಿನ ತುದಿಯ ಕೊನೆಯ ಕೆಲವು ಅಂಗುಲ ಗಟ್ಟಿಯಾಗಿರುತ್ತದೆ, ಒಳಗಿನ ಟೊಳ್ಳು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಮಾಡುವವರು ತುದಿಯನ್ನು ಬಿಸಿ ಮಾಡಿ, ಮೆತ್ತಗಾದಾಗ ಅಷ್ಟು ಭಾಗವನ್ನು ನೆಟ್ಟಗೆ ಎಳೆದು, ಚೂಪನ್ನು ಕತ್ತರಿಸಿ, ಡ್ರಿಲ್ ಹಾಕಿ ಟೊಳ್ಳಿಗೆ ಸೇರಿಸುತ್ತಾರೆ. ಡ್ರಿಲ್ ನೇರ, ಕೊಂಬು ಬಾಗು. ಟೊಳ್ಳು ಎಲ್ಲಿಗೆ ನಿಲ್ಲುತ್ತದೆ ಎಂದು ಮೊದಲೇ ತಂತಿ ತೂರಿಸಿ ಅಳೆದು ಹೊರಗೆ ಗುರುತು ಹಾಕಬೇಕು. ಆ ಅಳತೆಯಲ್ಲಿ ಸ್ವಲ್ಪ ಯಾಮಾರಿದರೂ ಬಿಟ್ ಬಾಗಿನ ಪಕ್ಕದ ಗೋಡೆ ಕೊರೆದು ಹೊರಬರುತ್ತದೆ. ಅಷ್ಟು ಹೊತ್ತು ದುಡಿದ ಕೊಂಬನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ತೂತಿಗೆ ಎಪಾಕ್ಸಿ ಅಂಟು ತುಂಬಿ, ಉಜ್ಜಿ, ಹೊಳಪು ಕೊಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಯಿಸುವುದು ಹೆಚ್ಚಾದಾಗಲೂ ಇಂಥದೇ ಕಥೆ. ಕೆರಾಟಿನ್ ಸೀದು ಗರಿಗರಿಯಾಗುತ್ತದೆ, ಸೀದ ಕೂದಲಿನ ವಾಸನೆ ಬಿಡುತ್ತದೆ, ಒಂದೆರಡು ವರ್ಷದಲ್ಲಿ ಸರಿಯಾಗಿ ಆ ಜಾಗದಲ್ಲೇ ಬಿರುಕು.

ಇದನ್ನು ಹಿಡಿಯಲು ಒಂದು ಮೊಬೈಲ್ ಟಾರ್ಚ್ ಸಾಕು. ಅಂಗಡಿಯ ಕತ್ತಲ ಮೂಲೆಗೆ ಹೋಗಿ ಅಗಲಬಾಯಿಯ ಕಡೆಯಿಂದ ಬೆಳಕು ಬಿಡಿ, ಕೊಂಬನ್ನು ನಿಧಾನಕ್ಕೆ ತಿರುಗಿಸಿ. ತಿಳಿಬಣ್ಣದ ಕೊಂಬು ಜೇನಿನಂತೆ ಒಂದೇ ಹದದಲ್ಲಿ ಬೆಳಗುತ್ತದೆ, ಬೆಳೆಯುವಾಗ ಮೂಡಿದ ಗೆರೆಗಳು ಅಡ್ಡಡ್ಡ ಓಡುವುದು ಕಾಣುತ್ತದೆ. ತುಂಬಿದ ಜಾಗ ಮಾತ್ರ ಗೆರೆಯಿಲ್ಲದ ಕಲೆಯಾಗಿ, ಸುತ್ತಲಿನದಕ್ಕಿಂತ ಕಪ್ಪಗೋ ಬೆಳ್ಳಗೋ ಬೇರೆಯಾಗಿ ಎದ್ದು ಕಾಣುತ್ತದೆ. ಕಪ್ಪು ಕೊಂಬಿನಲ್ಲಿ ಬೆಳಕು ತೂರುವುದಿಲ್ಲ. ಅಲ್ಲಿ ಬೆರಳ ಉಗುರನ್ನು ಮೆಲ್ಲಗೆ ಎಳೆಯಿರಿ. ಕೊಂಬಿನ ಮೇಲೆ ಸಣ್ಣ ತಡೆಗಳು ತಾಗುತ್ತವೆ, ಅಂಟಿನ ಮೇಲೆ ಉಗುರು ಗಾಜಿನ ಮೇಲೆ ಹೋದಂತೆ ಜಾರುತ್ತದೆ. ಊದುಬಾಯಿಯಿಂದ ಒಂದು ಗೇಣು ದೂರದವರೆಗೆ, ಅದರಲ್ಲೂ ಬಾಗು ಶುರುವಾಗುವ ಒಳಪಕ್ಕದಲ್ಲಿ, ಎರಡು ಸಲ ನೋಡಿ.

ಇಷ್ಟು ಮೈಯೆಲ್ಲಾ ಕಣ್ಣಾಗುವುದಕ್ಕೆ ಕಾರಣ ನಾದ ಒಂದೇ ಅಲ್ಲ, ಕಾನೂನೂ ಹೌದು. ಮಿಷ್ನಾದಲ್ಲೂ ಮುಂದೆ ಶುಲ್ಹಾನ್ ಆರುಖ್ ಎಂಬ ಧರ್ಮಸಂಹಿತೆಯ 586ನೇ ಪ್ರಕರಣದಲ್ಲೂ ಇರುವ ನಿಯಮಗಳನ್ನು ಓದಿದರೆ ಒಳ್ಳೆಯ ವರ್ಕ್‌ಶಾಪಿನ ಗುಣಮಟ್ಟ ಪಟ್ಟಿ ಓದಿದಂತೆಯೇ. ಒಡೆದು ಅಂಟಿಸಿದ ಶೋಫಾರ್ ಅಸಿಂಧು. ಎರಡು ಕೊಂಬಿನ ತುಂಡು ಜೋಡಿಸಿದ್ದು ಅಸಿಂಧು. ತೂತಿದ್ದು ಅದನ್ನು ಮುಚ್ಚದೆ ಹಾಗೇ ಬಿಟ್ಟಿದ್ದರೆ, ನಾದ ವಿಚಿತ್ರವಾಗಿ ಬಂದರೂ ಸಿಂಧು. ಮುಚ್ಚಿದ್ದರೆ ಮಾತ್ರ ಪರೀಕ್ಷೆ ಶುರು: ಕೊಂಬಿನದೇ ಚೂರಿನಿಂದ ಮುಚ್ಚಿರಬೇಕು, ಕೊಂಬಿನ ಬಹುಭಾಗ ಮುಕ್ಕಾಗದೆ ಉಳಿದಿರಬೇಕು, ನಾದ ಮೊದಲಿನಂತೆ ಮರಳಿರಬೇಕು. ಎಪಾಕ್ಸಿ ಈ ಮೂರರಲ್ಲಿ ಮೊದಲನೆಯದಕ್ಕೇ ಬೀಳುತ್ತದೆ. ವಿಪರ್ಯಾಸ ನೋಡಿ, ಮಾಡಿದವರು ತೂತನ್ನು ಹಾಗೇ ಬಿಟ್ಟಿದ್ದರೆ ಸಿಂಧುವಾಗಿರುತ್ತಿದ್ದ ಕೊಂಬನ್ನು ಚೆಂದ ಕಾಣಲೆಂದು ಮುಚ್ಚಿ ಅಸಿಂಧು ಮಾಡಿಬಿಡುತ್ತಾರೆ.

ಬಿರುಕಿನಲ್ಲಿ ದಿಕ್ಕು ಮುಖ್ಯ. ಉದ್ದುದ್ದ ಸೀಳಿದ ಬಿರುಕು ಅಪಾಯಕಾರಿ, ಏಕೆಂದರೆ ಊದುವ ಗಾಳಿಯ ಒತ್ತಡಕ್ಕೆ ಅದು ಓಡುತ್ತಲೇ ಹೋಗುತ್ತದೆ. ಎಷ್ಟೇ ಚಿಕ್ಕದಿದ್ದರೂ ಬೇಡ ಎನ್ನುವ ರಬ್ಬಿಗಳು, ಅಂದರೆ ಧರ್ಮಗುರುಗಳು, ಇದ್ದಾರೆ, ಮುಂದೆ ಓಡದಂತೆ ದಾರದಿಂದ ಬಿಗಿದು ಕಟ್ಟಿದರೆ ಸಾಕು ಎನ್ನುವವರೂ ಇದ್ದಾರೆ. ಅಡ್ಡ ಬಿರುಕು ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದರೂ ಊದುಬಾಯಿಯಿಂದ ಬಿರುಕಿನವರೆಗೆ ಒಂದು ಹಿಡಿಯಷ್ಟು ಉದ್ದ ಉಳಿದಿದ್ದರೆ ನಡೆಯುತ್ತದೆ. ಹಿಡಿ ಎಂದರೆ ನಾಲ್ಕು ಹೆಬ್ಬೆರಳಿನ ಅಗಲ, ಇಂದಿನ ಲೆಕ್ಕದಲ್ಲಿ ಅಂದಾಜು 8ರಿಂದ 10 ಸೆಂಟಿಮೀಟರ್. ಶೋಫಾರಿನ ಕನಿಷ್ಠ ಉದ್ದವೂ ಅದೇ, ಕೈಯಲ್ಲಿ ಹಿಡಿದರೆ ಎರಡೂ ಕಡೆ ಕೊಂಚ ಕಾಣಬೇಕು. ಅಗಲಬಾಯಿಯ ಅಂಚು ಸೀಳಿದ್ದರೆ ಗಾಬರಿ ಬೇಡ, ಸೀಳಿದಷ್ಟನ್ನು ಗರಗಸದಿಂದ ಕತ್ತರಿಸಿ ತೆಗೆಯಿರಿ. ಉದ್ದದ ಕೊಂಬನ್ನು ಗಿಡ್ಡ ಮಾಡಿದರೂ ಸಿಂಧು ಎಂದು ತಾಲ್ಮುಡ್ಡೇ ಹೇಳಿದೆ. ಅಂಟು ಹಾಕಿ ರಿಪೇರಿ ಮಾಡಿಸಲು ಮಾತ್ರ ಹೋಗಬೇಡಿ.

ಹೊಳಪಿನ ಮಾತು. ಹೊರಗಿನ ಒರಟನ್ನು ಕೆರೆದು, ತೆಳ್ಳಗೆ ಚಿಪ್ಪಷ್ಟೇ ಉಳಿಸಿದರೂ ಶೋಫಾರ್ ಸಿಂಧು. ಹಾಗಾಗಿ ಪಾಲಿಶ್ ಮಾಡಿದ್ದೇ ತಪ್ಪು ಎನ್ನುವಂತಿಲ್ಲ. ನಮ್ಮ ತಕರಾರು ಬೇರೆ. ಪೂರ್ತಿ ಉಜ್ಜಿದ ಕೊಂಬಿನಲ್ಲಿ ಗೋಡೆ ತೆಳುವಾಗುತ್ತದೆ, ನಾದ ಸ್ವಲ್ಪ ತಿಳಿಯಾಗಿ ಮೊನಚಾಗಿ ಬರುತ್ತದೆ, ಬಿದ್ದರೆ ಬೇಗ ಸೀಳುತ್ತದೆ. ಬೆಳವಣಿಗೆಯ ಗೆರೆಗಳು ಅಳಿಸಿಹೋಗಿ ಉಗುರಿನ ಪರೀಕ್ಷೆ ನಡೆಯದು. ಮೇಲೆ ವಾರ್ನಿಷ್ ಹಚ್ಚಿದ್ದರೆ ಆ ಪದರ ನಾದವನ್ನು ಬದಲಿಸಿತೇ ಎಂಬ ತಲೆನೋವು ಬೇರೆ. ಅರ್ಧ ಹೊಳಪಿನದರಲ್ಲಿ ಊದುಬಾಯಿಯ ಕಡೆ ಕೈಗೆ ನುಣುಪು, ಅಗಲಬಾಯಿಯ ಕಡೆ ಕೊಂಬು ಪ್ರಾಣಿಯ ತಲೆಯ ಮೇಲಿದ್ದಂತೆಯೇ ಸುಕ್ಕುಸುಕ್ಕು. ಎರಡರ ಅನುಕೂಲವೂ ಇದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಬೆಲೆ ಕಟ್ಟುವುದು ಉದ್ದದ ಮೇಲೆ ಎಂಬುದು ನೆನಪಿರಲಿ. ಅದೂ ಹೊರಬಾಗಿನ ಗುಂಟ ಟೇಪು ಹಿಡಿದ ಉದ್ದ. ಆನ್‌ಲೈನಿನಲ್ಲಿ 40 ಸೆಂಟಿಮೀಟರ್ ಎಂದು ತರಿಸಿಕೊಂಡು, ತುದಿಯಿಂದ ತುದಿಗೆ ಸ್ಕೇಲ್ ಇಟ್ಟು ನೋಡಿ ಮೋಸ ಹೋದೆ ಎನ್ನುವವರು ಬಹಳ. ಮೋಸವಲ್ಲ, ಅಳೆಯುವ ರೀತಿಯೇ ಬೇರೆ.

ಕುಡು ಆಫ್ರಿಕಾದ ಒಂದು ದೊಡ್ಡ ಹುಲ್ಲೆ. ಅದರ ಕೊಂಬು ಎರಡು ಮೂರು ಸುತ್ತು ತಿರುಚಿಕೊಂಡು ಸುಲಭವಾಗಿ 80ರಿಂದ 120 ಸೆಂಟಿಮೀಟರ್ ಬರುತ್ತದೆ. ಯೆಮೆನಿನ ಯಹೂದಿಗಳ ಪರಂಪರೆ ಅದು, ಅವರ ಮನೆತನದವರು ಕೊಂಡರೆ ಅದರಲ್ಲಿ ಎರಡು ಮಾತಿಲ್ಲ. ನಾದ ತುಂಬು, ಕೆಳಗಿನ ಸ್ಥಾಯಿಯದು, ಹೊಸಬರಿಗೆ ಟಗರಿಗಿಂತ ಬೇಗ ಒಲಿಯುತ್ತದೆ, ಸ್ವರಗಳೂ ಹೆಚ್ಚು ಸಿಗುತ್ತವೆ. ಆದರೆ ಟಗರು ಸಿಗುವಾಗ ಟಗರಿನದೇ ಎನ್ನುವ ಅಶ್ಕೆನಾಜಿ, ಅಂದರೆ ಯುರೋಪ್ ಮೂಲದ ಯಹೂದಿಗಳ, ಸಿನಗಾಗಿಗೆ ಇದನ್ನು ಹೊತ್ತು ಹೋದರೆ ಗಬ್ಬಾಯಿ, ಅಂದರೆ ಅಲ್ಲಿನ ಮೇಲ್ವಿಚಾರಕರು, ನಯವಾಗಿ ಪಕ್ಕಕ್ಕಿಡಿಸುತ್ತಾರೆ. ಕಷ್ಟ ಇನ್ನೊಂದಿದೆ. ಊದುವಾಗ ಅಗಲಬಾಯಿ ಮೇಲ್ಮುಖವಾಗಿರಬೇಕು ಎಂಬುದು ರೂಢಿ. ಒಂದು ಮೀಟರ್ ಉದ್ದದ ಕೊಂಬನ್ನು ಹಾಗೆ ಎತ್ತಿ ಹಿಡಿದು ನೂರು ಸಲ ಊದುವುದೆಂದರೆ ತೋಳಿಗೂ ಪರೀಕ್ಷೆಯೇ. ಪ್ರವಾಸಿಗರು ಗೋಡೆಗೆ ತೂಗುಹಾಕಲು ಹೆಚ್ಚಾಗಿ ಇದನ್ನೇ ಒಯ್ಯುತ್ತಾರೆ, ಅದಕ್ಕೆ ಇದು ಚೆನ್ನ. ವಾಸನೆ ಟಗರಿಗಿಂತ ಜೋರು, ಸುರುಳಿಯ ಸಂದಿನಲ್ಲಿ ಒಣಗಿದ ಅಂಗಾಂಶ ಕೂತಿರುತ್ತದೆ.

ಬೆಳ್ಳಿ ಬಂಗಾರದ ಮಾತು ಬೇಗ ಮುಗಿಸೋಣ. ಬಾಯಿಡುವ ಜಾಗದಲ್ಲಿ ಲೋಹ ಇದ್ದರೆ ಅಸಿಂಧು, ತುಟಿಗೂ ಕೊಂಬಿಗೂ ನಡುವೆ ಬೇರೆ ವಸ್ತು ಬಂದಂತಾಯಿತು. ಒಳಗೋಡೆಗೆ ಲೋಹ ಹೊದಿಸಿದ್ದರೂ ಅಷ್ಟೆ. ಹೊರಗೆ ಹೊದಿಸಿ ನಾದ ಬದಲಾದರೆ ಅದೂ ಅಸಿಂಧು. ಮಕ್ಕಳು ಟ್ರಂಪೆಟಿನ ಊದುಬಾಯಿ ಸಿಕ್ಕಿಸಿ ಊದುವುದು ಸುಲಭ ಎಂದರೆ ಆಟಕ್ಕೆ ಸರಿ, ಹಬ್ಬಕ್ಕಲ್ಲ. ನಮ್ಮ ಕೊಂಬು ಕಹಳೆ ಹೆಸರಿನಲ್ಲಿ ಮಾತ್ರ ಕೊಂಬು ಉಳಿಸಿಕೊಂಡು ಎಂದೋ ಲೋಹಕ್ಕೆ ತಿರುಗಿತು. ಶೋಫಾರಿಗೆ ಆ ದಾರಿಯನ್ನು ಮುಚ್ಚಿಟ್ಟದ್ದು ಈ ನಿಯಮಗಳೇ. ಪ್ಲಾಸ್ಟಿಕ್ ಶೋಫಾರ್ ಆಟಿಕೆ, ಅದರ ವಿಮರ್ಶೆ ಇಲ್ಲಿ ಬೇಡ.

ಕೋಷರ್, ಅಂದರೆ ಧರ್ಮನಿಯಮಕ್ಕೆ ಒಪ್ಪುವಂಥದ್ದು, ಎಂಬ ಪ್ರಮಾಣಪತ್ರದ ಚೀಟಿ ಇದ್ದರೆ ಒಳ್ಳೆಯದು. ಯಾವ ರಬ್ಬಿಯ ಉಸ್ತುವಾರಿ ಎಂದು ಹೆಸರು ಇರಬೇಕು, ಬರೀ ‘ಕೋಷರ್’ ಎಂಬ ಸ್ಟಿಕರಿಗೆ ಬೆಲೆಯಿಲ್ಲ. ಚೀಟಿ ಇದ್ದರೂ ಟಾರ್ಚ್ ಬಿಡುವುದನ್ನು ತಪ್ಪಿಸಬೇಡಿ, ಪತ್ರ ಬರೆದ ಮೇಲೂ ಕೊಂಬು ಸಾಗಣೆಯಲ್ಲಿ ಬೀಳುತ್ತದೆ.

ಊದಿ ನೋಡದೆ ಕೊಳ್ಳಲೇಬಾರದು. ಅಂಗಡಿಯಲ್ಲಿ ಹತ್ತಾರು ಜನ ಬಾಯಿಟ್ಟ ಸಾಮಾನು, ಒರೆಸಲು ಸ್ಯಾನಿಟೈಸರ್ ಬಟ್ಟೆ ಕೇಳಲು ನಾಚಿಕೆ ಬೇಡ. ಶಂಖ ಊದಿ ಗೊತ್ತಿದ್ದವರಿಗೆ ಉಪಾಯ ಹೊಸದಲ್ಲ. ಗಾಳಿ ತುಂಬುವುದಲ್ಲ, ಬಿಗಿದ ತುಟಿ ಗುಂಯ್‌ಗುಡಬೇಕು, ಕೊಂಬು ಅದನ್ನು ದೊಡ್ಡದು ಮಾಡುತ್ತದೆ. ಕೊಂಬನ್ನು ಬಾಯಿಯ ನಡುವೆ ಇಡದೆ ಬಲಮೂಲೆಗೆ ಇಡುವುದು ರೂಢಿ. ಅಲ್ಲಿ ತುಟಿಯ ಅಗಲ ಕಡಿಮೆ, ಟಗರಿನ ಚಿಕ್ಕ ಊದುಬಾಯಿಗೆ ಅದು ಹೊಂದುತ್ತದೆ. ಕೆನ್ನೆ ಉಬ್ಬಿದರೆ ಒತ್ತಡ ಅಲ್ಲೇ ಸೋರಿಹೋಗುತ್ತದೆ. ನಾದ ಬರಲಿಲ್ಲವೆಂದು ಕೊಂಬನ್ನು ತುಟಿಗೆ ಒತ್ತುವುದು ಎಲ್ಲರೂ ಮಾಡುವ ತಪ್ಪು, ಒತ್ತಿದಷ್ಟೂ ತುಟಿ ಅಲುಗದೆ ಬರೀ ಉಸ್ ಎನ್ನುತ್ತದೆ. ಊದುಬಾಯಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ. ಚೂಪಾಗಿದ್ದರೆ ಮೂವತ್ತು ನಾದಕ್ಕೇ ತುಟಿ ಮರಗಟ್ಟುತ್ತದೆ. ನಯವಾದ ಮರಳುಕಾಗದದಿಂದ ಅಂಚನ್ನು ದುಂಡು ಮಾಡಿಕೊಳ್ಳಬಹುದು, ಕೆರೆಯುವುದಕ್ಕೆ ಅಡ್ಡಿಯಿಲ್ಲವಲ್ಲ.

ಟಗರಿನ ಕೊಂಬಿನಲ್ಲಿ ಎರಡು, ಹೆಚ್ಚೆಂದರೆ ಮೂರು ಸ್ವರ ಸಲೀಸಾಗಿ ಸಿಗುತ್ತವೆ. ಅದರಲ್ಲಿ ಒಂದು ‘ಕೂತುಕೊಳ್ಳುವ’ ಸ್ವರ ಇರಬೇಕು, ಉಸಿರು ಹೆಚ್ಚು ಕಡಿಮೆಯಾದರೂ ಜಾರದೆ ನಿಲ್ಲುವಂಥದ್ದು. ಮೊದಲು ಮೆಲ್ಲಗೆ ಒಂದು ಉದ್ದ ನಾದ ಊದಿ, ಅದು ಒಡೆಯದೆ ಶುರುವಾಗುತ್ತದೆಯೇ ನೋಡಿ. ಆಮೇಲೆ ನಾಲಿಗೆಯಿಂದ ತಟತಟ ಒಂಬತ್ತು ಚೂರು ನಾದ ಹೊರಡಿಸಿ. ಐದನೆಯದಕ್ಕೆ ಸ್ವರ ಮೇಲೆ ಹಾರಿದರೆ ಒಂದೋ ರಂಧ್ರ ಒರಟಾಗಿದೆ, ಇಲ್ಲವೇ ನಿಮ್ಮ ತುಟಿಗೆ ಆ ಊದುಬಾಯಿ ಹೊಂದುತ್ತಿಲ್ಲ. ನಾದ ಗಡಸಾಗಿದೆ, ಒರಟಾಗಿದೆ, ಸಣ್ಣಗಿದೆ ಎಂಬ ಕಾರಣಕ್ಕೆ ತಿರಸ್ಕರಿಸಬೇಡಿ. ಎಲ್ಲ ನಾದವೂ ಸಿಂಧು ಎಂದು ತಾಲ್ಮುಡ್ ಸ್ಪಷ್ಟವಾಗಿ ಹೇಳಿದೆ. ಇಂಪಿಗೆ ಅಂಕ ಇಲ್ಲ, ಅಳತೆಗೆ ಇದೆ.

ಆ ಅಳತೆ ಹೀಗೆ. ನಾದ ಮೂರು ಬಗೆ: ತೆಕಿಯಾ ಒಂದೇ ಉದ್ದ ನಾದ, ಶೆವಾರಿಮ್ ಮೂರು ನಡುಗಾತ್ರದ ನಿಟ್ಟುಸಿರು, ತೆರುವಾ ಒಂಬತ್ತು ಚೂರುಗಳ ಬಿಕ್ಕು. ತೋರಾ ಹೇಳಿದ ‘ತೆರುವಾ’ ಎಂದರೆ ನಿಟ್ಟುಸಿರೋ, ಬಿಕ್ಕಿ ಅಳುವುದೋ, ಎರಡೂ ಸೇರಿದ್ದೋ ಎಂಬ ಸಂಶಯ ಹಳೆಯದು. ಸಿಸೆರಾ ಎಂಬ ಶತ್ರು ಸೇನಾಪತಿಯ ತಾಯಿ ಕಿಟಕಿಯಲ್ಲಿ ನಿಂತು ಬಾರದ ಮಗನಿಗಾಗಿ ಅತ್ತ ಸಂಗತಿ ನ್ಯಾಯಸ್ಥಾಪಕರ ಪುಸ್ತಕದಲ್ಲಿದೆ. ತಾಲ್ಮುಡ್ ಈ ನಾದಕ್ಕೆ ಮಾದರಿಯಾಗಿ ಹಿಡಿದದ್ದು ಆ ತಾಯಿಯ ಅಳುವನ್ನು. ತಮ್ಮನ್ನು ತುಳಿದವನ ತಾಯಿಯ ದುಃಖವನ್ನು ವರ್ಷದ ಮೊದಲ ದಿನ ಊದಿ ಕೇಳುವುದು, ಈ ಹಬ್ಬದಲ್ಲಿ ನಮಗೆ ಅತಿ ಆಳವೆನಿಸುವ ಸಂಗತಿ ಇದು.

ಸಂಶಯ ತೀರದ್ದರಿಂದ ಸೀಸರಿಯಾದ ರಬ್ಬಿ ಅಬ್ಬಾಹು ಮೂರು ಸಾಧ್ಯತೆಯನ್ನೂ ಊದುವ ಏರ್ಪಾಡು ಮಾಡಿದರು. ತೆಕಿಯಾ, ಶೆವಾರಿಮ್, ತೆರುವಾ, ತೆಕಿಯಾ ಮೂರು ಸಲ, 12 ನಾದ. ತೆಕಿಯಾ, ಶೆವಾರಿಮ್, ತೆಕಿಯಾ ಮೂರು ಸಲ, 9. ತೆಕಿಯಾ, ತೆರುವಾ, ತೆಕಿಯಾ ಮೂರು ಸಲ, 9. ಒಟ್ಟು 30. ತೋರಾ ಓದಿದ ಮೇಲೆ ಇಷ್ಟು, ಮುಂದೆ ಮುಸಾಫ್ ಎಂಬ ಹಬ್ಬದ ಹೆಚ್ಚುವರಿ ಪ್ರಾರ್ಥನೆಯೊಳಗೂ ಕೊನೆಗೂ ಹಂಚಿ ಒಟ್ಟು ನೂರು ಮುಟ್ಟಿಸುವುದು ಬಹುಪಾಲು ಸಿನಗಾಗುಗಳ ರೂಢಿ. ಮುಸಾಫಿನ ಮೂರು ಭಾಗದಲ್ಲೇ ಹಬ್ಬದ ಅರ್ಥವೂ ಇದೆ: ದೇವರು ರಾಜನೆಂದು ಒಪ್ಪುವುದು, ಅವನು ಎಲ್ಲವನ್ನೂ ನೆನಪಿಡುತ್ತಾನೆ ಎನ್ನುವುದು, ಶೋಫಾರಿನ ನಾದದಲ್ಲಿ ಅವನು ಕಾಣಿಸಿಕೊಂಡದ್ದು. ಒಂದೊಂದಕ್ಕೂ ಹತ್ತು ಹತ್ತು ವಚನ. ನಿದ್ದೆಯಲ್ಲಿರುವವರೇ ಏಳಿ, ನಡತೆ ನೋಡಿಕೊಳ್ಳಿ ಎಂದು ಕೊಂಬು ಕರೆಯುತ್ತದೆ ಎಂದ ಮಧ್ಯಯುಗದ ಯಹೂದಿ ಪಂಡಿತ ಮೈಮೊನಿಡಿಸರ ಮಾತೇ ಜನರ ಬಾಯಲ್ಲಿ ಹೆಚ್ಚು.

ಎಡವುವುದು ಎಲ್ಲಿ? ತೆಕಿಯಾದ ಉದ್ದದಲ್ಲಿ. ನಡುವಿನ ನಾದ ಎಷ್ಟು ಹೊತ್ತೋ ಅದರ ಎರಡೂ ಬದಿಯ ತೆಕಿಯಾ ಕಡಿಮೆಯೆಂದರೆ ಅಷ್ಟೇ ಹೊತ್ತು ಇರಬೇಕು. ತೆರುವಾದ ಒಂದು ಚೂರನ್ನು ಒಂದು ಮಾತ್ರೆ ಎಂದು ಹಿಡಿದರೆ ತೆರುವಾ 9, ಶೆವಾರಿಮ್ ಮೂರು ಮೂರರಂತೆ 9. ಎರಡೂ ಒಟ್ಟಿಗೆ ಬರುವ ಮೊದಲ ಗುಂಪಿನಲ್ಲಿ ತೆಕಿಯಾ 18 ಮಾತ್ರೆ ಮುಟ್ಟಬೇಕು. ಹೊಸಬರು ಉಸಿರು ಉಳಿಸಲು ಹೋಗಿ ಇಲ್ಲಿಯೇ ಮೊಟಕು ಮಾಡುತ್ತಾರೆ, ಪಕ್ಕದಲ್ಲಿ ನಿಂತು ನಾದದ ಹೆಸರು ಹೇಳಿಕೊಡುವವರು ಮತ್ತೆ ಊದಿಸುತ್ತಾರೆ. ಆದ್ದರಿಂದ ಕೊಳ್ಳುವಾಗ ಕಡಿಮೆ ಗಾಳಿ ಕುಡಿಯುವ ಕೊಂಬು ಆರಿಸಿ. ರಂಧ್ರ ತೀರಾ ಅಗಲವಾಗಿ ಕೊರೆದಿದ್ದರೆ ಹತ್ತು ಸೆಕೆಂಡಿಗೆ ಎದೆ ಬರಿದಾಗುತ್ತದೆ.

ಊದುವ ಮೊದಲು ಹೇಳುವ ಆಶೀರ್ವಚನದ ಮಾತನ್ನು ಗಮನಿಸಿ: ಶೋಫಾರ್ ‘ಊದಲು’ ಆಜ್ಞಾಪಿಸಿದವನೇ ಎಂದಿಲ್ಲ, ಶೋಫಾರಿನ ದನಿ ‘ಕೇಳಲು’ ಎಂದಿದೆ. ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆಯ ಕೆಲಸದಲ್ಲಿರುವ ಮಂಗಳೂರು, ಉಡುಪಿ ಕಡೆಯವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ವಿಷಯ. ಅಜ್ಜ ಅಜ್ಜಿ ಸಿನಗಾಗಿಗೆ ಹೋಗಲಾರರಾದರೆ ನೂರು ಬೇಡ, 30 ನಾದ ಸಾಕು. ಹಗಲು, ಸೂರ್ಯ ಮುಳುಗುವ ಮೊದಲು ಯಾವಾಗಲಾದರೂ ಸರಿ. ಹತ್ತಿರದ ಸಿನಗಾಗಿಗೆ ಹಬ್ಬಕ್ಕೆ ಮೊದಲೇ ಹೇಳಿಟ್ಟರೆ ಮನೆಗೆ ಬಂದು ಊದಿ ಹೋಗುವವರು ಸಾಮಾನ್ಯವಾಗಿ ಸಿಗುತ್ತಾರೆ. ಹಬ್ಬದ ದಿನ ಫೋನು ಮಾಡಿದರೆ ಎತ್ತುವವರಿಲ್ಲ. ಆಶೀರ್ವಚನ ಶುರುವಾದಲ್ಲಿಂದ ಕೊನೆಯ ನಾದದವರೆಗೆ ಅವರನ್ನು ಮಾತಾಡಿಸಬೇಡಿ, ಔಷಧಿ ನೀರು ಅದಕ್ಕೆ ಮೊದಲೇ ಮುಗಿಸಿ. ಫೋನಿನಲ್ಲಿ, ರೇಡಿಯೋದಲ್ಲಿ ಕೇಳಿದ್ದು ಆರ್ಥೊಡಾಕ್ಸ್ ರಬ್ಬಿಗಳ ಪೈಕಿ ಬಹುಪಾಲು ಜನರಿಗೆ ಲೆಕ್ಕವಲ್ಲ. ಬಾವಿಯೊಳಗೆ ಊದಿದಾಗ ಪ್ರತಿಧ್ವನಿ ಕೇಳಿದರೆ ಸಾಲದು, ಶೋಫಾರಿನದೇ ದನಿ ಕೇಳಬೇಕು ಎಂದು ಮಿಷ್ನಾ ಹೇಳಿದ್ದನ್ನು ಇದಕ್ಕೂ ಹೊಂದಿಸುತ್ತಾರೆ. ಶ್ರವಣಯಂತ್ರದ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. ತೆಗೆದರೂ ತಕ್ಕಮಟ್ಟಿಗೆ ಕೇಳಿಸುವವರು ಊದುವಷ್ಟು ಹೊತ್ತು ತೆಗೆದಿಡುವುದು ವಾಸಿ ಎನ್ನುವವರು ಅನೇಕ. ತೆಗೆಯಲೇ ಎಂದು ಅಜ್ಜನನ್ನೋ ಮನೆಯವರನ್ನೋ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಕೊಂಬು ಊದುವವರಿಂದ ಒಂದೆರಡು ಮಾರು ದೂರ ಕೂರಿಸಿದರೆ ಸಾಕು, ಕಿವಿಯ ಪಕ್ಕ ಬೇಡ. ಟಗರಿನ ಕೊಂಬು ಚಿಕ್ಕ ಕೋಣೆಯಲ್ಲಿ ಕಿವಿ ಗಡಚಿಕ್ಕುತ್ತದೆ.

ಕೊಳ್ಳುವ ಸಮಯದ ಬಗ್ಗೆ. ಹಬ್ಬದ ಹಿಂದಿನ ಎಲುಲ್ ತಿಂಗಳಿಡೀ ವಾರದ ದಿನಗಳ ಬೆಳಗಿನ ಪ್ರಾರ್ಥನೆಯ ಕೊನೆಗೆ ಊದುವುದು ಅಶ್ಕೆನಾಜಿಗಳ ರೂಢಿ, ಹಬ್ಬದ ಹಿಂದಿನ ದಿನ ಮಾತ್ರ ಬಿಡುತ್ತಾರೆ. ತುಟಿ ಪಳಗಿಸಲು ಅದೇ ತಿಂಗಳು, ಹಾಗಾಗಿ ಕೊಂಬು ಎಲುಲ್ ಮೊದಲ ದಿನಕ್ಕೆ ಕೈಯಲ್ಲಿರಬೇಕು. 2026ರಲ್ಲಿ ಎಂದರೆ ಆಗಸ್ಟ್ ಮಧ್ಯಕ್ಕೆ. ಆ ವರ್ಷ ಹಬ್ಬ ಸೆಪ್ಟೆಂಬರ್ 12 ಮತ್ತು 13, ಯಹೂದಿ ವರ್ಷ 5787. ಮೊದಲ ದಿನ ಶನಿವಾರ. ಶನಿವಾರ ಎಂದರೆ ಶಬ್ಬಾತ್, ಬೀದಿಯಲ್ಲಿ ಸಾಮಾನು ಹೊರುವಂತಿಲ್ಲದ ವಿಶ್ರಾಂತಿಯ ದಿನ; ಅಂದು ಯಾರಾದರೂ ಮರೆತು ಕೊಂಬನ್ನು ಬೀದಿಯಲ್ಲಿ ಹೊತ್ತು ಹೋದಾರೆಂದು ಊದುವುದನ್ನೇ ಬಿಟ್ಟಿದ್ದಾರೆ, ಆದ್ದರಿಂದ ಭಾನುವಾರ ಮಾತ್ರ ಊದುವುದು. 2027ರಲ್ಲೂ ಅಕ್ಟೋಬರ್ 2 ಶನಿವಾರವೇ ಬಿದ್ದಿದೆ, ಆಗಲೂ ಒಂದೇ ದಿನ. ಎರಡೂ ದಿನ ಊದಲು ಸಿಗುವುದು 2028ರ ಸೆಪ್ಟೆಂಬರ್ 21 ಮತ್ತು 22ಕ್ಕೆ.

ಮನೆಗೆ ತಂದ ಕೊಂಬು ನಾರುತ್ತದೆ. ನಾರದ ಕೊಂಬು ಕೊಟ್ಟಿದ್ದೇವೆ ಎಂದರೆ ಒಳಗೆ ಏನು ಸಿಂಪಡಿಸಿದ್ದಾರೋ ಕೇಳಿ. ಅಕ್ವೇರಿಯಮ್ಮಿನ ಸಣ್ಣ ಜಲ್ಲಿಯನ್ನು ಕಾಲುಭಾಗ ತುಂಬಿ, ವಿನಿಗರ್ ಮತ್ತು ನೀರು ಸಮ ಹಾಕಿ, ಅಗಲಬಾಯಿಯನ್ನು ಅಂಗೈಯಿಂದ ಮುಚ್ಚಿ ಐದು ನಿಮಿಷ ಕುಲುಕಿ. ಬೂದುಬಣ್ಣದ ರಾಡಿ ಹೊರಬರುತ್ತದೆ, ತಿಳಿನೀರು ಬರುವವರೆಗೆ ಎರಡು ಮೂರು ಸಲ ಮಾಡಿ. ಜಲ್ಲಿ ಊದುಬಾಯಿಯ ರಂಧ್ರಕ್ಕಿಂತ ದಪ್ಪ ಇರಲಿ, ಇಲ್ಲದಿದ್ದರೆ ಒಂದು ಕಲ್ಲು ಸಿಕ್ಕಿಕೊಂಡು ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಬಿಸಿನೀರು ಬೇಡ, ರಾತ್ರಿಯಿಡೀ ನೆನೆಸುವುದೂ ಬೇಡ. ಕೆರಾಟಿನ್ ನೀರು ಕುಡಿದು ಉಬ್ಬಿ, ಒಣಗುವಾಗ ಬಿರಿಯುತ್ತದೆ. ಹಬ್ಬದ ದಿನ ನಾದ ಕಟ್ಟಿಕೊಂಡರೆ ಒಳಗೆ ನೀರನ್ನೋ ದ್ರಾಕ್ಷಾರಸವನ್ನೋ ಹಾಕಿ ತೊಳೆಯಲು ಮಿಷ್ನಾ ಒಪ್ಪಿಗೆ ಕೊಟ್ಟಿದೆ. ದ್ರಾಕ್ಷಾರಸ ಹಾಕಿದ ಕೊಂಬಿಗೆ ಮಾರನೆಯ ದಿನ ಇರುವೆ ಬರುತ್ತದೆ, ನೀರೇ ವಾಸಿ. ನೂರು ನಾದದ ನಡುವೆ ಉಗುಳು ತುಂಬಿ ಗೊರಗೊರ ಎಂದರೆ ಅಗಲಬಾಯಿ ಕೆಳಗೆ ಮಾಡಿ ಕೊಡವಿದರೆ ಸಾಕು. ತುಟಿ ಒಡೆಯದಿರಲಿ ಎಂದು ಲಿಪ್ ಬಾಮ್ ಹಚ್ಚುವುದಿದ್ದರೆ ಹಬ್ಬದ ಹಿಂದಿನ ಸಂಜೆಯೊಳಗೆ ಹಚ್ಚಿ ಮುಗಿಸಿ, ಹಬ್ಬದಂದು ಸವರುವುದು ನಿಷಿದ್ಧ ಕೆಲಸದಲ್ಲಿ ಸೇರುತ್ತದೆ.

ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಸಂಜೆ ಉಪವಾಸ ಮುಗಿಸುವ ನಾದದೊಂದಿಗೆ ಆ ವರ್ಷದ ಕೆಲಸ ಮುಗಿಯುತ್ತದೆ. ಆಮೇಲೆ ಎರಡು ದಿನ ನೆರಳಲ್ಲಿ ಗಾಳಿಗೆ ಇಟ್ಟು, ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವತು ಬೂಷ್ಟು ಹಿಡಿಯುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ. ಉಣ್ಣೆ ತಿನ್ನುವ ಹುಳುಗಳಿಗೆ ಕೊಂಬೂ ಆಹಾರವೇ, ಎರಡು ತಿಂಗಳಿಗೊಮ್ಮೆ ಚೀಲ ಬಿಚ್ಚಿ ಅಗಲಬಾಯಿಯ ಅಂಚಿನಲ್ಲಿ ಹುಡಿ ಉದುರಿದೆಯೇ ನೋಡಿ.